ಹಾಸಿಗೆ ಇದ್ದಷ್ಟು ಸ್ಟೀರಿಯೋ: ಮೊದಲ ರೂಪಾಯಿ ಯಾವುದಕ್ಕೆ?



ಕಾರ್ಯಕ್ರಮ ಮುಗಿದ ಮೇಲೆ ನಿಮ್ಮಲ್ಲಿ ಹಲವರು ನಮ್ಮನ್ನು ಕೇಳುವುದು ಹಾಡಿನ ಬಗ್ಗೆ ಅಲ್ಲ, ಹಾಡು ಕೇಳುವ ಪೆಟ್ಟಿಗೆಯ ಬಗ್ಗೆ! ಮೊನ್ನೆ ಒಬ್ಬ ಕೇಳುಗರು ಹೀಗೆ ಕೇಳಿದರು: "ಊರಿನಿಂದ ಅಪ್ಪನ ಕಾಲದ ಸ್ಟೀರಿಯೋ ತಂದಿದ್ದೇನೆ. ಆಂಪ್ಲಿಫೈಯರ್, ಒಂದು ಕ್ಯಾಸೆಟ್ ಡೆಕ್, ಎರಡು ಸ್ಪೀಕರ್. ಕೈಯಲ್ಲಿರುವುದು ಹತ್ತು ಸಾವಿರ. ಹಳೆಯದನ್ನು ಗುಜರಿಗೆ ಹಾಕಿ ಹೊಸದೊಂದು ಸೆಟ್ ತರಲೋ, ಇದನ್ನೇ ಒಂದೊಂದಾಗಿ ಸುಧಾರಿಸಲೋ? ಸುಧಾರಿಸುವುದಾದರೆ ಮೊದಲ ರೂಪಾಯಿ ಯಾವುದಕ್ಕೆ?"

ಈ ಪ್ರಶ್ನೆಗೆ ಅರವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದನ್ನು ಸ್ವಲ್ಪ ನೋಡಿಬಿಟ್ಟರೆ, ಅಂಗಡಿಯವನು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಪ್ರಸಂಗ ನಿಮಗೆ ಬರುವುದಿಲ್ಲ.

ಎರಡು ಕಿವಿಗೆ ಎರಡು ಪೆಟ್ಟಿಗೆ

ಸ್ಟೀರಿಯೋ ಕಲ್ಪನೆಯ ದೊಡ್ಡ ಹೆಸರು ಇಂಗ್ಲೆಂಡಿನ ಅಲನ್ ಬ್ಲೂಮ್‌ಲೈನ್. ಇ.ಎಂ.ಐ. ಸಂಸ್ಥೆಯ ಎಂಜಿನಿಯರ್. ಹೆಂಡತಿಯೊಡನೆ ಸಿನಿಮಾಕ್ಕೆ ಹೋದಾಗ, ಪರದೆಯ ಈ ತುದಿಯಲ್ಲಿ ನಿಂತ ನಟನ ಮಾತು ಬೇರೆಲ್ಲಿಂದಲೋ ಕೇಳುವುದನ್ನು ಗಮನಿಸಿ, ಇದಕ್ಕೊಂದು ಉಪಾಯ ತನ್ನ ಬಳಿ ಇದೆ ಎಂದನಂತೆ. 1931ರ ಡಿಸೆಂಬರಿನಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಒಂದೇ ಗಾಡಿಯ (ಗ್ರೂವ್ ಎನ್ನುತ್ತೇವಲ್ಲ, ಅದರ) ಎರಡು ಗೋಡೆಗಳಲ್ಲಿ ಎರಡು ಚಾನೆಲ್ ಕೆತ್ತುವ ವಿದ್ಯೆ ಆ ಅರ್ಜಿಯಲ್ಲೇ ಇತ್ತು. ಆದರೆ ಸ್ಟೀರಿಯೋ ರೆಕಾರ್ಡು ಮನೆಮನೆಗೆ ಬರುವುದನ್ನು ನೋಡಲು ಅವನಿರಲಿಲ್ಲ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹೊರಟಿದ್ದ ವಿಮಾನ ಅಪಘಾತದಲ್ಲಿ 38ನೇ ವಯಸ್ಸಿಗೇ ತೀರಿಕೊಂಡ.

1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ಎಲ್.ಪಿ. ರೆಕಾರ್ಡನ್ನು ತಂದಿತು. 1958ರ ಹೊತ್ತಿಗೆ ಸ್ಟೀರಿಯೋ ಎಲ್.ಪಿ. ಅಂಗಡಿಗೆ ಬಂತು. ಅಲ್ಲಿಂದ ಶುರುವಾಯಿತು ನೋಡಿ ಮಧ್ಯಮ ವರ್ಗದವರ ತಲೆನೋವು! ಅದುವರೆಗೆ ಒಂದು ಆಂಪ್ಲಿಫೈಯರ್, ಒಂದು ಸ್ಪೀಕರ್ ಸಾಕಾಗಿತ್ತು. ಈಗ ಎಲ್ಲವೂ ಎರಡೆರಡು. ಒಳ್ಳೆಯ ಸ್ಪೀಕರ್ ಎಂದರೆ ಬೀರುವಿನಷ್ಟು ದೊಡ್ಡದು ಎಂದಿದ್ದ ಕಾಲ. ಎರಡು ಬೀರು ಇಡಲು ಯಾರ ಮನೆಯಲ್ಲಿ ಜಾಗವಿತ್ತು?

ಪೆಟ್ಟಿಗೆ ಚಿಕ್ಕದಾಯಿತು

ಅದಕ್ಕೆ ಉತ್ತರ ಅದಾಗಲೇ ಸಿದ್ಧವಾಗಿತ್ತು. 1954ರಲ್ಲಿ ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ ಎಡ್ಗರ್ ವಿಲ್ಚರ್ ಎಂಬಾತ, ಹೆನ್ರಿ ಕ್ಲಾಸ್ ಜೊತೆ ಸೇರಿ, ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆ ಕಟ್ಟಿದ್ದ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್‌ನಂತೆ ಬಳಸಿದರೆ ಪುಟ್ಟ ಪೆಟ್ಟಿಗೆಯಿಂದಲೂ ಮೃದಂಗದ ಎಡಭಾಗದಂಥ ಗಂಭೀರ ನಾದ ತೆಗೆಯಬಹುದು ಎಂದು ತೋರಿಸಿದ. ಸ್ಪೀಕರ್ ಕಪಾಟಿನ ಮೇಲೇರಿತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಆ ಸಂಸ್ಥೆಯದೊಂದು ಕೋಣೆ ಇತ್ತು. ಅಲ್ಲಿ ಮಾರಾಟವಿಲ್ಲ, ಒತ್ತಾಯವಿಲ್ಲ. ಸುಮ್ಮನೆ ಕೂತು ಕೇಳಬಹುದಿತ್ತು. ಇವತ್ತಿನ ಮಾಲ್‌ನವರು ಇದನ್ನು ಕಲಿತರೆ ಎಷ್ಟು ಚೆನ್ನ!

ಆದರೆ ಪುಕ್ಕಟೆ ಏನೂ ಸಿಗುವುದಿಲ್ಲವಲ್ಲ. ಈ ಚಿಕ್ಕ ಸ್ಪೀಕರ್‌ಗಳು ವಿದ್ಯುತ್ತನ್ನು ಹೆಚ್ಚು ಕುಡಿಯುತ್ತಿದ್ದವು. ಹಾಗಾಗಿ ಶಕ್ತಿಯುತ ಆಂಪ್ಲಿಫೈಯರ್ ಬೇಕಾಯಿತು. ಅದನ್ನು ಅಗ್ಗವಾಗಿ ಕೊಟ್ಟವನು ಡೇವಿಡ್ ಹಾಫ್ಲರ್. ಅವನ ಡೈನಾಕೋ ಸಂಸ್ಥೆಯ 'ಸ್ಟೀರಿಯೋ 70' 1959ರಲ್ಲಿ ಬಂತು. ಬಿಡಿಭಾಗಗಳ ಕಿಟ್ ಬೆಲೆ ಸುಮಾರು 100 ಡಾಲರ್. ಮನೆಯಲ್ಲೇ ಬೆಸುಗೆ ಹಾಕಿ ಜೋಡಿಸಿಕೊಂಡರೆ ದುಡ್ಡು ಉಳಿತಾಯ. ಕಡಿಮೆ ದುಡ್ಡಿನವರಿಗೆ ಸಿಕ್ಕ ಮೊದಲ ಪಾಠ ಇದು: ಸ್ಪೀಕರ್ ಮತ್ತು ಆಂಪ್ಲಿಫೈಯರ್ ಗಂಡಹೆಂಡಿರ ಹಾಗೆ, ಜೋಡಿ ನೋಡಿಯೇ ತರಬೇಕು.

ಮೂಲ ಮೊದಲೋ, ಸ್ಪೀಕರ್ ಮೊದಲೋ?

1970ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬೇರೆಯದೇ ಮಾತು ಬಂತು. ಲಿನ್ ಸಂಸ್ಥೆಯ ಐವರ್ ಟೀಫೆನ್‌ಬ್ರನ್, ಹಣವನ್ನೆಲ್ಲ ಮೊದಲು ಟರ್ನ್‌ಟೇಬಲ್ಲಿಗೆ ಹಾಕಿ ಎಂದ. ಬಾವಿಯಲ್ಲೇ ಕೆಸರಿದ್ದರೆ ಬೆಳ್ಳಿ ಚೊಂಬಿನಲ್ಲಿ ಕುಡಿದರೇನು ಎಂಬಂಥ ವಾದ. ರೆಕಾರ್ಡಿನಿಂದ ಮುಳ್ಳು ಎತ್ತದೇ ಬಿಟ್ಟದ್ದನ್ನು ಮುಂದಿನ ಯಾವ ಯಂತ್ರವೂ ಮರಳಿ ತರಲಾರದು. ಆ ಕಾಲಕ್ಕೆ ಇದು ನಿಜವೇ. ತಿರುಗುವ ತಟ್ಟೆ, ಮುಳ್ಳು ಎಲ್ಲವೂ ಯಾಂತ್ರಿಕ. ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ.

1978ರಲ್ಲಿ ಎನ್.ಎ.ಡಿ. 3020 ಎಂಬ ಆಂಪ್ಲಿಫೈಯರ್ ಬಂತು. ನೋಡಲು ಸಾದಾ, ಕಾಗದದ ಮೇಲೆ ಬರೀ 20 ವಾಟ್. ಆದರೆ ತಬಲಾದ ಪೆಟ್ಟಿನಂತೆ ಕ್ಷಣಮಾತ್ರ ಬರುವ ದೊಡ್ಡ ಸದ್ದಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಕೊಡುತ್ತಿತ್ತು. ವಾಟ್ ಸಂಖ್ಯೆ ನೋಡಿ ಮೋಸಹೋಗಬೇಡಿ ಎನ್ನುವುದಕ್ಕೆ ಇದೇ ಸಾಕ್ಷಿ. ಲೆಕ್ಕವೂ ಹಾಗೆಯೇ ಇದೆ: ವಾಟ್ ಎರಡು ಪಟ್ಟಾದರೆ ಸದ್ದು ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಸದ್ದು ದುಪ್ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು! 20 ವಾಟ್ ಬಿಟ್ಟು 40 ವಾಟ್ ಕೊಳ್ಳುವವರು ಇದನ್ನು ನೆನಪಿಡಿ.

ಆಮೇಲೆ 1982ರಲ್ಲಿ ಸಿ.ಡಿ. ಬಂತು, ಆಟವೇ ಬದಲಾಯಿತು. ಅಗ್ಗದ ಪ್ಲೇಯರಿಗೂ ದುಬಾರಿ ಪ್ಲೇಯರಿಗೂ ಇದ್ದ ಅಂತರ ವರ್ಷದಿಂದ ವರ್ಷಕ್ಕೆ ಕುಗ್ಗಿತು. ಇಂದು ನಿಮ್ಮ ಮೊಬೈಲ್ ಫೋನೇ ಸಾಕಷ್ಟು ಒಳ್ಳೆಯ ಮೂಲ. ಹಾಗಾಗಿ ವಾದದ ತಕ್ಕಡಿ ಮತ್ತೆ ಸ್ಪೀಕರಿನ ಕಡೆಗೇ ವಾಲಿತು.

ನಮ್ಮ ದೇಶದ ಕಥೆ

ನಮ್ಮಲ್ಲಿ ಈ ವಾದಗಳಿಗೆಲ್ಲ ಪುರುಸೊತ್ತೇ ಇರಲಿಲ್ಲ ಬಿಡಿ. 1991ಕ್ಕೆ ಮುಂಚೆ ಆಮದಿನ ಮೇಲೆ ಬಿಗಿ ಹಿಡಿತ, ಭಾರೀ ಸುಂಕ. ಎಚ್.ಎಂ.ವಿ. ಫಿಯೆಸ್ಟಾ ಪ್ಲೇಯರ್ ಇದ್ದವರೇ ಭಾಗ್ಯವಂತರು. ಸೋನೋಡೈನ್, ಕಾಸ್ಮಿಕ್‌ನಂಥ ದೇಶೀ ಸೆಟ್‌ಗಳನ್ನು ಕೂಡಿಟ್ಟ ಹಣದಲ್ಲಿ ಕೊಳ್ಳುತ್ತಿದ್ದರು. ಉಳಿದವರಿಗೆ ಗಲ್ಫ್‌ನಿಂದ ನೆಂಟರು ತರುವ ಟೂ-ಇನ್-ಒನ್. ಇಲ್ಲದಿದ್ದರೆ ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ಲಜಪತ್ ರಾಯ್ ಮಾರ್ಕೆಟ್, ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಿ ಬಿಡಿಭಾಗ ತಂದು ಜೋಡಿಸುವುದು. ಡೈನಾಕೋ ಕಿಟ್ ನೋಡದೆಯೇ ನಮ್ಮವರು ಅದೇ ದಾರಿ ಹಿಡಿದಿದ್ದರು!

ಕನ್ನಡಿಗರ ಮಟ್ಟಿಗೆ ನಿಜವಾದ ಕ್ರಾಂತಿ ಮಾಡಿದ್ದು ಕ್ಯಾಸೆಟ್. ಫಿಲಿಪ್ಸ್ ಇದನ್ನು 1963ರಲ್ಲೇ ತಂದಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಬಂದ ಮೇಲೆ ಭಾವಗೀತೆ ಟ್ರಂಕಿನೊಳಗೆ ಕೂತು ಊರೂರಿಗೆ ಹೊರಟಿತು. ಕ್ಯಾಸೆಟ್ಟಿಗೆ ಇನ್ನೊಂದು ಗುಣವೂ ಇತ್ತು. ಅದರಲ್ಲಿ ನಾವೂ ರೆಕಾರ್ಡ್ ಮಾಡಬಹುದಿತ್ತು. ಅಜ್ಜಿಯ ಸೋಬಾನೆ, ತಂಗಿಯ ಮೊದಲ ಸಂಗೀತ ಪಾಠ, ಅಪ್ಪ ಓದಿದ ಗದುಗಿನ ಭಾರತ. ಇವು ಯಾವ ಆಪ್‌ನಲ್ಲೂ ಸಿಗುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಹಾಗಾದರೆ ಹತ್ತು ಸಾವಿರ?

ಈಗ ಆ ಕೇಳುಗರಿಗೆ ನಾವು ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ.

ಮೊದಲ ರೂಪಾಯಿ ಆ ಹಳೆಯ ಡೆಕ್ಕಿಗೆ. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಹೆಡ್ ಮೇಲೆ ಕೊಳೆ ಕೂತಿರುತ್ತದೆ. ರಿಪೇರಿಗೆ ಮುನ್ನ ಅಮೂಲ್ಯ ಕ್ಯಾಸೆಟ್ ಹಾಕಲೇಬೇಡಿ, ಟೇಪು ಸುತ್ತಿಕೊಂಡೀತು. ಸರಿಯಾದ ಮೇಲೆ ಮನೆಯವರ ಧ್ವನಿಯಿರುವ ಕ್ಯಾಸೆಟ್‌ಗಳನ್ನು ಮೊದಲು ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಪ್ರತಿ ಇಡಿ. ಟೀಫೆನ್‌ಬ್ರನ್ ಹೇಳಿದ 'ಮೂಲ ಮೊದಲು' ನಮಗೆ ಅನ್ವಯಿಸುವುದು ಹೀಗೆ.

ಎರಡನೆಯದು ಪುಕ್ಕಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆದರೆ ಸ್ಟೀರಿಯೋ ವಿಷಯದಲ್ಲಿ ನೆಲ ನಿಜಕ್ಕೂ ಡೊಂಕಾಗಿರಬಹುದು! ಸ್ಪೀಕರನ್ನು ಮೂಲೆಯಿಂದ ಈಚೆಗೆ ತನ್ನಿ, ಗುಂಯ್‌ಗುಡುವುದು ಕಡಿಮೆಯಾಗುತ್ತದೆ. ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಎರಡು ಸ್ಪೀಕರ್, ನೀವು, ಮೂವರೂ ಸಮಭುಜ ತ್ರಿಕೋನದಲ್ಲಿರಿ. ದಪ್ಪ ಪರದೆ, ಒಂದು ಜಮಖಾನ ಇದ್ದರೆ ಬರಿಗೋಡೆಯ ಮಾರ್ದನಿ ತಗ್ಗುತ್ತದೆ.

ಮೂರನೆಯದು ಸ್ಪೀಕರ್. ಹಳೆಯದರ ಅಂಚಿನ ಫೋಮ್ ಪುಡಿಯಾಗಿದ್ದರೆ ಅದನ್ನಷ್ಟೇ ಬದಲಿಸಿ ನೋಡಿ. ಆಗದಿದ್ದರೆ ಉಳಿದ ಹಣದ ಬಹುಪಾಲು ಹೊಸ ಜೋಡಿಗೆ. ಅಂಗಡಿಗೆ ಹೋಗುವಾಗ ನಿಮಗೆ ಬಾಯಿಪಾಠವಿರುವ ಒಂದು ಕನ್ನಡ ಹಾಡು ಜೊತೆಗಿರಲಿ. ಗಾಯಕರು ಉಸಿರೆಳೆದುಕೊಳ್ಳುವುದು, ಮಾತಿನ ಳಕಾರ, ಣಕಾರ ಸ್ಪಷ್ಟವಾಗಿ ಕೇಳಿದರೆ ಅದು ನಿಮ್ಮದು.

ಆಂಪ್ಲಿಫೈಯರ್ ಕೊನೆಗೆ. ಕೆಡದಿದ್ದರೆ ಬದಲಿಸಲೇಬೇಡಿ. ಫೋನ್ ಜೋಡಿಸಲು ಒಂದು ತಂತಿ ಸಾಕು.

ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದರು ಹಿರಿಯರು. ಆ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದಾಗ, ಮುಂಬಯಿಯ ಲೋಕಲ್ ಸದ್ದನ್ನೋ ದೆಹಲಿಯ ಹಾರ್ನ್ ಸದ್ದನ್ನೋ ಮರೆಸಿ ಊರಿನ ಒಂದು ಧ್ವನಿ ಕೇಳಿದರೆ, ನಿಮ್ಮ ಹತ್ತು ಸಾವಿರ ಸಾರ್ಥಕ.

ನಿಮ್ಮ ಮನೆಯ ಅಟ್ಟದ ಮೇಲೆ ಯಾವ ಕ್ಯಾಸೆಟ್ ಇದೆ? ಈ ಭಾನುವಾರ ಇಳಿಸಿ ನೋಡಿ. ಮತ್ತೆ ಸಿಗೋಣ.