ಬಂದರಿನ ಕಂಬಕ್ಕೇರಿದ ಎಚ್ಚರಿಕೆ

ಪಶ್ಚಿಮ ಕರಾವಳಿಯ ಬಂದರುಗಳಿಗೆ ಚಂಡಮಾರುತದ ಮುನ್ಸೂಚನೆ ಕಳಿಸುವ ಪದ್ಧತಿ 1880ರಲ್ಲಿ ಶುರುವಾದಾಗ ಪಟ್ಟಿಯಲ್ಲಿದ್ದದ್ದು ಆರೇ ಹೆಸರು: ಕರಾಚಿ, ಮುಂಬಯಿ, ರತ್ನಾಗಿರಿ, ವೆಂಗುರ್ಲಾ, ಕಾರವಾರ, ಕುಮಟಾ. ಆರರಲ್ಲಿ ಎರಡು ಉತ್ತರ ಕನ್ನಡದವು. ಮಂಗಳೂರಿನ ಹೆಸರು ಅದರಲ್ಲಿಲ್ಲ. ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು.

ಕುಮಟೆಗೆ ಆ ಸ್ಥಾನ ದೊರೆತದ್ದು ಹತ್ತಿಯಿಂದ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಇಲ್ಲಿಗೆ ಬರುತ್ತಿತ್ತು, ಇಲ್ಲಿಂದ ಹಾಯಿ ಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ ಪೇಟೆಯಲ್ಲಿ ಆ ಹತ್ತಿಗೆ ಬಂದರಿನ ಹೆಸರೇ ನಿಂತಿತ್ತು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ ಈ ದಾರಿಯ ಬೆಲೆ ಇನ್ನೂ ಏರಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1864ರಲ್ಲಿ ಕಾರವಾರದ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ದೀಪವಾಗಲಿ, ಬಿರುಗಾಳಿಯ ಸುದ್ದಿಯಾಗಲಿ, ಈ ತೀರಕ್ಕೆ ಬಂದದ್ದು ಸರಕಿನ ಬೆನ್ನು ಹಿಡಿದು. ಸರಕು ಹೊತ್ತ ಹಡಗಿಗೆ ಮೊದಲು ಎಚ್ಚರಿಕೆ ಸಿಕ್ಕಿತು. ಬಲೆ ಹಿಡಿದು ಹೋದವರಿಗೂ ದಂಡೆಯ ಮೇಲೆ ಗುಡಿಸಲು ಕಟ್ಟಿಕೊಂಡವರಿಗೂ ಅದು ತಲುಪಲು ಇನ್ನೊಂದು ಶತಮಾನ ಹಿಡಿಯಿತು. ಭಾರತದ ಚಂಡಮಾರುತ ಮುನ್ಸೂಚನೆಯ ಇತಿಹಾಸವನ್ನು ಎಲ್ಲಿ ತೆರೆದರೂ ಈ ಅಂತರ ಕಣ್ಣಿಗೆ ಹೊಡೆಯುತ್ತದೆ.

ಅದಕ್ಕೂ ಮೊದಲು ಕರಾವಳಿಯವರಿಗೆ ತಮ್ಮದೇ ಪಂಚಾಂಗವಿತ್ತು. ಮಳೆಗಾಲ ಹತ್ತಿರವಾದಂತೆ ಮಚವೆ, ಮಂಜಿ, ಪತ್ತೆಮಾರಿಗಳನ್ನು ದಡಕ್ಕೆಳೆದು ಮಡಲಿನ ಚಪ್ಪರ ಕಟ್ಟಿ ಮುಚ್ಚುತ್ತಿದ್ದರು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಸಮುದ್ರ ತಣಿದ ಮೇಲೆ ಮತ್ತೆ ನೀರಿಗಿಳಿಸುತ್ತಿದ್ದರು. ಮಳೆಗಾಲದ ಕಡಲಿನಿಂದ ಈ ಕಟ್ಟಳೆ ತಲೆಮಾರುಗಳ ಕಾಲ ಜೀವ ಕಾಯ್ದಿದೆ. ಆದರೆ ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮಳೆಗಾಲದ ಎರಡು ಅಂಚಿನಲ್ಲಿ: ಮೇ-ಜೂನ್‌ನಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ. ದೋಣಿಗಳೆಲ್ಲ ನೀರಿನಲ್ಲಿರುವ ಕಾಲವೂ ಅದೇ. ಪಂಚಾಂಗಕ್ಕೆ ನಿಲುಕದ ಈ ಗಾಳಿಗೆ ಬೇರೆ ಉಪಾಯವೇ ಬೇಕಿತ್ತು.

ಉಪಾಯ ಹುಟ್ಟಿದ್ದು ಬಂಗಾಳ ಕೊಲ್ಲಿಯಲ್ಲಿ, ಅದೂ ಸಾವಿನ ಮೇಲೆ ಸಾವು ಕಂಡ ಮೇಲೆ. ಆ ಕೊಲ್ಲಿ ಉತ್ತರಕ್ಕೆ ಹೋದಂತೆ ಕಿರಿದಾಗುತ್ತದೆ, ಆಳವೂ ಕಡಿಮೆಯಾಗುತ್ತದೆ. ಗಾಳಿ ತಳ್ಳಿಕೊಂಡು ಬಂದ ನೀರಿಗೆ ಹರಡಿಕೊಳ್ಳಲು ಜಾಗವಿಲ್ಲದೆ ಅದು ಮೇಲಕ್ಕೇರುತ್ತದೆ. ಅದೇ ಹೊತ್ತಿಗೆ ಉಬ್ಬರವಿದ್ದರೆ, ಮಳೆಯಿಂದ ತುಂಬಿದ ನದಿಯ ನೀರು ಅಳಿವೆಯಲ್ಲಿ ಹೊರಬೀಳಲಾಗದೆ ಹಿಂದಕ್ಕೆ ಒತ್ತಿ ಊರೊಳಗೆ ನುಗ್ಗುತ್ತದೆ. ಚಂಡಮಾರುತದಲ್ಲಿ ಸತ್ತವರೆಂದು ಲೆಕ್ಕಕ್ಕೆ ಬಂದವರಲ್ಲಿ ಬಹುಪಾಲು ಜನ ನೀರಿನಲ್ಲಿ ಸತ್ತವರು. ಗೋದಾವರಿ ಮುಖದ ಕೋರಂಗಿ 1789ರಲ್ಲಿ ಹೀಗೆ ಮುಳುಗಿತು, 1839ರಲ್ಲಿ ಮತ್ತೆ ಮುಳುಗಿತು. ಹಡಗು ಕಟ್ಟುವುದಕ್ಕೆ ಹೆಸರಾಗಿದ್ದ ಆ ಬಂದರು ಮುಂದೆ ತನ್ನ ಹಿಂದಿನ ವೈಭವಕ್ಕೆ ಮರಳಲಿಲ್ಲ.

ಈ ಗಾಳಿಗಳ ಸ್ವಭಾವವನ್ನು ಪಟ್ಟು ಹಿಡಿದು ಓದಿದವನು ಹೆನ್ರಿ ಪಿಡಿಂಗ್ಟನ್. ಹಿಂದೆ ವ್ಯಾಪಾರಿ ಹಡಗಿನ ಕಪ್ತಾನನಾಗಿದ್ದ ಆತ ಕಲ್ಕತ್ತೆಯಲ್ಲಿ ನೆಲೆಸಿ, ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ಲಾಗ್ ಪುಸ್ತಕಗಳನ್ನು ಕಲೆಹಾಕುತ್ತಿದ್ದ. ಯಾವ ಹೊತ್ತಿಗೆ ಗಾಳಿ ಯಾವ ದಿಕ್ಕಿನಿಂದ ಬೀಸಿತು, ವಾಯುಭಾರಮಾಪಕ ಎಷ್ಟು ಇಳಿಯಿತು ಎಂಬುದನ್ನು ಒಂದೊಂದಾಗಿ ನಕ್ಷೆಗೆ ಇಳಿಸಿದ. ಚಾರ್ಲ್ಸ್ ಹೆಡಲ್ ಎಂಬ ಹಡಗಿನ ದಾಖಲೆ ಅವನಿಗೆ ದೊಡ್ಡ ಸಾಕ್ಷಿಯಾಯಿತು. 1845ರ ಫೆಬ್ರವರಿಯಲ್ಲಿ ಮಾರಿಷಸ್ ಬಳಿ ಗಾಳಿಗೆ ಬೆನ್ನು ಕೊಟ್ಟು ಓಡಿದ ಆ ಹಡಗು, ಮುಂದೆ ಸಾಗುತ್ತಿದ್ದೇನೆ ಎಂದುಕೊಂಡು ಒಂದೇ ಕೇಂದ್ರದ ಸುತ್ತ ದಿನಗಟ್ಟಲೆ ಸುತ್ತಿತ್ತು. ಬಿರುಗಾಳಿ ನೆಟ್ಟಗೆ ಬೀಸುವುದಿಲ್ಲ, ಸುರುಳಿ ಸುತ್ತುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ. 1848ರಲ್ಲಿ ನಾವಿಕರಿಗಾಗಿ ಅವನು ಬರೆದ ಕೈಪಿಡಿಯ ಜೊತೆ, ಸುರುಳಿಗಾಳಿಯ ಚಿತ್ರ ಮುದ್ರಿಸಿದ ತೆಳುವಾದ ಪಾರದರ್ಶಕ ಕೊಂಬಿನ ಹಾಳೆಗಳಿರುತ್ತಿದ್ದವು. ಕಪ್ತಾನ ಅದನ್ನು ನಕ್ಷೆಯ ಮೇಲಿಟ್ಟು, ಬೀಸುವ ಗಾಳಿಯ ದಿಕ್ಕಿಗೆ ಹೊಂದಿಸಿ, ಕೇಂದ್ರ ಎಲ್ಲಿದೆ, ಯಾವ ಕಡೆ ಹಡಗು ತಿರುಗಿಸಿದರೆ ಉಳಿವು ಎಂದು ನೋಡಿಕೊಳ್ಳಬಹುದಿತ್ತು. ‘ಸೈಕ್ಲೋನ್’ ಎಂಬ ಹೆಸರನ್ನು ಬಳಕೆಗೆ ತಂದವನೂ ಅವನೇ.

1853ರಲ್ಲಿ ಪಿಡಿಂಗ್ಟನ್ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರವೊಂದನ್ನು ಬರೆದ. ಸುಂದರಬನದ ಮಾತಲಾ ನದಿಯ ಮೇಲೆ ಹೊಸ ಬಂದರು ಕಟ್ಟುವ ಯೋಚನೆಯನ್ನು ಬಿಡಬೇಕು, ಬಿರುಗಾಳಿಯ ಅಲೆ ಒಂದು ದಿನ ಅದನ್ನು ನುಂಗುತ್ತದೆ ಎಂಬುದು ಅದರ ತಾತ್ಪರ್ಯ. ಸರ್ಕಾರ ಕೇಳಲಿಲ್ಲ. ಪೋರ್ಟ್ ಕ್ಯಾನಿಂಗ್ ಎದ್ದಿತು, ರೈಲುಮಾರ್ಗವೂ ಬಂತು. 1867ರ ನವೆಂಬರಿನಲ್ಲಿ ಬಂದ ಚಂಡಮಾರುತ ಬಂದರನ್ನು ಹಾಳುಗೆಡವಿತು; ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಪಿಡಿಂಗ್ಟನ್ 1858ರಲ್ಲೇ ತೀರಿಕೊಂಡಿದ್ದ.

ಸರ್ಕಾರ ಎಚ್ಚೆತ್ತದ್ದು 1864ರಲ್ಲಿ. ಅಕ್ಟೋಬರ್ 5ರ ಚಂಡಮಾರುತ ಹೂಗ್ಲಿ ನದಿಯ ಎರಡೂ ದಂಡೆಗಳ ಮೇಲೆ ಸಮುದ್ರದ ನೀರನ್ನು ಹೊತ್ತು ತಂದಿತು. ಕಲ್ಕತ್ತಾ ಬಂದರಿನಲ್ಲಿದ್ದ 195 ಹಡಗುಗಳ ಪೈಕಿ ಏಟು ಬೀಳದೆ ಉಳಿದವು 23. ಸತ್ತ ಜನ ಐವತ್ತು ಸಾವಿರಕ್ಕೂ ಹೆಚ್ಚು. ಒಂದು ತಿಂಗಳೊಳಗೆ ಮಚಲಿಪಟ್ಟಣದಲ್ಲಿ ಇನ್ನೊಂದು ಅಲೆ ನುಗ್ಗಿ ಸುಮಾರು 30 ಸಾವಿರ ಜನರನ್ನು ಕೊಂದಿತು. ಮರುವರ್ಷ, 1865ರಲ್ಲಿ, ದೇಶದ ಮೊದಲ ಬಂದರು ಎಚ್ಚರಿಕೆ ಕಲ್ಕತ್ತೆಯಲ್ಲಿ ಜಾರಿಗೆ ಬಂತು. ತಂತಿ ಸಂಪರ್ಕವಿದ್ದ ಕರಾವಳಿ ಠಾಣೆಗಳಿಂದ ಹವೆಯ ವರದಿ ಬರಬೇಕು, ಅಪಾಯ ಕಂಡರೆ ಬಂದರಿನ ಕಂಬದ ಮೇಲೆ ಗುರುತು ಏರಬೇಕು. 1875ರಲ್ಲಿ ಹೆನ್ರಿ ಬ್ಲ್ಯಾನ್‌ಫೋರ್ಡ್‌ನ ನೇತೃತ್ವದಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು.

ಇಲಾಖೆ ಹುಟ್ಟಿದ ಮರುವರ್ಷವೇ, 1876ರ ಅಕ್ಟೋಬರ್ 31ರ ರಾತ್ರಿ, ಮೇಘನಾ ನದಿಯ ಮುಖದಲ್ಲಿದ್ದ ಬಾಕರ್‌ಗಂಜ್ ಸೀಮೆಯ ದ್ವೀಪಗಳಿಗೆ ಕಡಲು ನುಗ್ಗಿತು. ಒಂದು ಲಕ್ಷ ಜನ ಮುಳುಗಿ ಸತ್ತರು. ಅದರ ಹಿಂದೆಯೇ ಬಂದ ಕಾಲರಾ ಮತ್ತು ಹಸಿವಿಗೆ ಹೆಚ್ಚುಕಡಿಮೆ ಅಷ್ಟೇ ಜನ ಬಲಿಯಾದರು. ನಾಡಿಗೆ ಹವಾಮಾನ ಇಲಾಖೆ ಇತ್ತು, ಕಲ್ಕತ್ತೆಗೆ ಕಂಬವೂ ಇತ್ತು. ಭತ್ತ ಬೆಳೆಯುವ ಆ ದ್ವೀಪಗಳಲ್ಲಿ ಎಚ್ಚರಿಕೆಯ ಗುರುತು ಏರಿಸುವ ಕಂಬವಿರಲಿಲ್ಲ, ಓಡಿ ಹತ್ತಲು ದಿಬ್ಬವೂ ಇರಲಿಲ್ಲ.

ಪದ್ಧತಿ ಬೆಳೆಯುತ್ತಲೇ ಹೋಯಿತು. ಕಾರವಾರ, ಕುಮಟೆಗಳ ಪಟ್ಟಿ 1880ರದು. ಮರುವರ್ಷ ಬಂಗಾಳ ಕೊಲ್ಲಿಯ ಬಂದರುಗಳಿಗೂ ಅಂಥದೇ ಏರ್ಪಾಡಾಯಿತು. 1886ರ ಹೊತ್ತಿಗೆ ದೇಶದ ಎಲ್ಲ ಬಂದರುಗಳಿಗೆ. ಒಂದೊಂದು ಕಡೆ ಒಂದೊಂದು ಗುರುತು ಇದ್ದುದನ್ನು ತೆಗೆದು 1898ರ ಏಪ್ರಿಲ್ 1ರಿಂದ ಎಲ್ಲೆಡೆ ಒಂದೇ ಬಗೆಯ ಸಂಕೇತಗಳನ್ನು ತಂದರು. ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಇಂದಿಗೂ ಅದೇ ನಡೆದಿದೆ.

ಸಂಕೇತಗಳು ಹನ್ನೊಂದು. ಹಗಲಿನಲ್ಲಿ ಶಂಕು ಮತ್ತು ಪೀಪಾಯಿ ಆಕಾರಗಳು, ರಾತ್ರಿ ಕೆಂಪು-ಬಿಳಿ ದೀಪಗಳು. ಒಂದು ಮತ್ತು ಎರಡು ದೂರದ ಸಮುದ್ರದಲ್ಲಿ ಎದ್ದ ಗಾಳಿಗೆ. ಮೂರು ಮತ್ತು ನಾಲ್ಕು ಬಂದರಿಗೇ ತಟ್ಟಬಹುದಾದದ್ದಕ್ಕೆ. ಐದರಿಂದ ಏಳು ಅಪಾಯ, ಎಂಟರಿಂದ ಹತ್ತು ಮಹಾ ಅಪಾಯ. ಈ ಕೊನೆಯ ಎರಡು ಗುಂಪುಗಳಲ್ಲಿ ಪಿಡಿಂಗ್ಟನ್‌ನ ಲಾಗ್ ಪುಸ್ತಕಗಳ ಪಾಠವೆಲ್ಲ ಅಡಗಿದೆ. ಐದು ಮತ್ತು ಎಂಟು ಎಂದರೆ ಬಂದರು ಚಂಡಮಾರುತದ ದಾರಿಯ ಎಡಕ್ಕಿದೆ. ಆರು ಮತ್ತು ಒಂಬತ್ತು ಎಂದರೆ ಬಲಕ್ಕೆ. ಏಳು ಮತ್ತು ಹತ್ತು ಎಂದರೆ ಬಂದರಿನ ಮೇಲೆಯೇ ಅಥವಾ ತೀರ ಹತ್ತಿರದಲ್ಲಿ ಹಾಯುತ್ತದೆ. ನಮ್ಮ ಗೋಳಾರ್ಧದಲ್ಲಿ ಸುರುಳಿ ಎಡಕ್ಕೆ ಸುತ್ತುವುದರಿಂದ ದಾರಿಯ ಬಲಮಗ್ಗುಲಲ್ಲಿ ಸುತ್ತುವ ವೇಗಕ್ಕೆ ಸಾಗುವ ವೇಗವೂ ಕೂಡಿಕೊಳ್ಳುತ್ತದೆ, ಗಾಳಿ ಅಲ್ಲಿ ಹೆಚ್ಚು ಬಿರುಸು. ಉತ್ತರಕ್ಕೆ ಸಾಗುವ ಅರಬ್ಬಿ ಸಮುದ್ರದ ಚಂಡಮಾರುತಗಳಿಗೆ ಕರ್ನಾಟಕದ ತೀರ ಯಾವಾಗಲೂ ಬಲಮಗ್ಗುಲೇ.

ಹನ್ನೊಂದನೆಯ ಸಂಕೇತದ ಅರ್ಥ ಬೇರೆ. ಹವಾಮಾನ ಕಚೇರಿಯೊಡನೆ ಸಂಪರ್ಕ ಕಡಿದುಹೋಗಿದೆ, ಬಂದರಿನ ಅಧಿಕಾರಿಗೇ ಕೆಟ್ಟ ಹವೆಯ ಲಕ್ಷಣ ಕಾಣುತ್ತಿದೆ ಎಂದು ಅದು ಹೇಳುತ್ತದೆ. ತಂತಿ ಹರಿಯುವುದೇ ಗಾಳಿ ಜೋರಾದಾಗ ಎಂಬುದನ್ನು ಅರಿತವರು ಮಾಡಿದ ಏರ್ಪಾಡು ಇದು. ಇಡೀ ಪದ್ಧತಿಯಲ್ಲಿ ಇದಕ್ಕಿಂತ ವಿವೇಕದ ಭಾಗ ಇನ್ನೊಂದಿಲ್ಲ.

ಆದರೂ ಕಂಬದ ಮೇಲಿನ ಗುರುತು ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ ಎಚ್ಚರಿಕೆ. ಲಂಗರು ಕಿತ್ತು ಹೊರಟ ಹಡಗಿಗೆ ಅದರಿಂದ ಉಪಯೋಗವಿಲ್ಲ. 1888ರ ನವೆಂಬರ್ 8ರಂದು ಕಚ್ಛಿನ ಮಾಂಡವಿಯಿಂದ ಮುಂಬಯಿಗೆ ಹೊರಟ ವೈತರ್ಣಾ ಎಂಬ ಉಗಿಹಡಗು ಸೌರಾಷ್ಟ್ರದ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ, 700ಕ್ಕೂ ಹೆಚ್ಚು ಜನರೊಡನೆ ಕಾಣೆಯಾಯಿತು. ವಿದ್ಯುತ್ ದೀಪಗಳಿದ್ದ ಆ ಹಡಗನ್ನು ಗುಜರಾತಿನ ಜನ ವೀಜಳಿ ಎಂದು ಕರೆಯುತ್ತಿದ್ದರು, ಅದರ ಮೇಲೆ ಹಾಡು ಕಟ್ಟಿ ಹಾಡಿದರು. ಹಡಗುಗಳಿಗೆ ವಯರ್‌ಲೆಸ್ ಬಂದ ಮೇಲಷ್ಟೇ ಈ ತೊಡಕು ಸಡಿಲವಾದದ್ದು. ದಂಡೆಯ ಜನರ ಪಾಡು ಆಮೇಲೂ ಬದಲಾಗಲಿಲ್ಲ. ಬಾಕರ್‌ಗಂಜ್ ಮುಳುಗಿದ ಸೀಮೆಯಲ್ಲೇ 1970ರ ನವೆಂಬರ್ 12ರ ರಾತ್ರಿ ಭೋಲಾ ಚಂಡಮಾರುತ ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರನ್ನು ಕೊಂದಿತು. ಉಪಗ್ರಹದ ಚಿತ್ರದಲ್ಲಿ ಗಾಳಿ ಮೊದಲೇ ಕಂಡಿತ್ತು. ದ್ವೀಪದವರಿಗೆ ಅದರ ಉಗ್ರತೆ ತಿಳಿಯಲಿಲ್ಲ, ತಿಳಿದವರಿಗೂ ಹೋಗಲು ಸುರಕ್ಷಿತ ಜಾಗವಿರಲಿಲ್ಲ. ಅದಾದ ಮೇಲೆ ಬಾಂಗ್ಲಾದೇಶ ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿತು, ಕಂಬಗಳ ಮೇಲೆ ಎತ್ತರದ ಆಶ್ರಯ ಕಟ್ಟಡಗಳನ್ನು ಕಟ್ಟಿತು. ಒಡಿಶಾಕ್ಕೆ ಅದೇ ಪಾಠ 1999ರ ಅಕ್ಟೋಬರಿನಲ್ಲಿ ಸುಮಾರು ಹತ್ತು ಸಾವಿರ ಜೀವಗಳ ಬೆಲೆಗೆ ಬಂತು. 2013ರಲ್ಲಿ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸಾಗಿಸಿದ್ದರು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ.

ಪಶ್ಚಿಮ ತೀರದಲ್ಲಿ ಕಷ್ಟ ಇನ್ನೂ ಸಮುದ್ರದಲ್ಲೇ ಇದೆ. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ಓಖಿ ಒಂದೇ ದಿನದಲ್ಲಿ ಬಲಿತು ಚಂಡಮಾರುತವಾದಾಗ, ತಮಿಳುನಾಡು ಮತ್ತು ಕೇರಳದ ನೂರಾರು ಆಳಸಮುದ್ರ ಬೋಟುಗಳು ದಿನಗಳ ಹಿಂದೆಯೇ ಹೊರಟುಹೋಗಿದ್ದವು. ದಡದಿಂದ ಹೇಳಿದ ಮಾತು ಅವರ ವಯರ್‌ಲೆಸ್‌ನ ಅಳತೆಗೆ ಸಿಗಲಿಲ್ಲ. ಉಪಗ್ರಹದ ಮೂಲಕ ಬೋಟಿಗೇ ಸಂದೇಶ ಮುಟ್ಟಿಸುವ ‘ಜೆಮಿನಿ’ ಎಂಬ ಉಪಕರಣವನ್ನು 2019ರಲ್ಲಿ ಹೊರತಂದದ್ದು ಆ ಸಾವುಗಳ ನಂತರ.

2021ರ ಮೇ ತಿಂಗಳಲ್ಲಿ ತೌಕ್ತೆ ಕರ್ನಾಟಕದ ತೀರದುದ್ದಕ್ಕೂ ಉತ್ತರಕ್ಕೆ ಹಾದುಹೋಯಿತು. ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತು, ಮೀನುಗಾರಿಕೆ ಬೋಟುಗಳನ್ನು ದಡಕ್ಕೆ ಕರೆಸಿದ್ದರು. ಸಿಕ್ಕಿಬಿದ್ದದ್ದು ಕೂಲಿಗೆ ನಿಂತ ಹಡಗುಗಳು. ಅಲಯನ್ಸ್ ಎಂಬ ಟಗ್ ಪಡುಬಿದ್ರಿಯ ಕಡೆ ಮಗುಚಿ ಅದರ ಸಿಬ್ಬಂದಿಯಲ್ಲಿ ಕೆಲವರು ಸತ್ತರು. ಇನ್ನೊಂದು ಹಡಗು ಮೂಲ್ಕಿ ಬಳಿ ಬಂಡೆಗಳ ನಡುವೆ ಸಿಲುಕಿದಾಗ ಅದರಲ್ಲಿದ್ದ ಒಂಬತ್ತು ಜನರನ್ನು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ಸೇರಿ ಉಳಿಸಿದವು. ಮುಂಬಯಿಯ ಆಚೆ, ತೈಲಬಾವಿಗಳ ಕೆಲಸಕ್ಕೆ ನಿಂತಿದ್ದ ಪಿ-305 ಎಂಬ ಬಾರ್ಜ್‌ನಲ್ಲಿ 261 ಜನರಿದ್ದರು. ಅದು ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುತೇಕರು ವೆಲ್ಡರ್, ಫಿಟ್ಟರ್, ಅಡುಗೆಯವರಂಥ ಕೆಲಸಗಾರರು. ಎಚ್ಚರಿಕೆ ಕೇಳಿ ಬಾರ್ಜನ್ನು ದಡಕ್ಕೆ ತರಬೇಕೋ ಅಲ್ಲೇ ನಿಲ್ಲಿಸಬೇಕೋ ಎಂದು ತೀರ್ಮಾನಿಸುವ ಅಧಿಕಾರ ಅವರ ಕೈಯಲ್ಲಿರಲಿಲ್ಲ.