ಕಾಫಿ ಮೇಲೆ ಹಾಕಿದ ಕೇಸುಗಳು

ಫ್ಯಾಮಿಲಿ ಗ್ರೂಪಿನಲ್ಲಿ ಒಂದು ವಾರ ‘ಕಾಫಿ ಕುಡಿದ್ರೆ ಆಯಸ್ಸು ಜಾಸ್ತಿ’ ಅಂತ ಬರುತ್ತೆ. ಮುಂದಿನ ವಾರ ‘ಕಾಫಿ ಹೃದಯಕ್ಕೆ ವಿಷ’ ಅಂತ. ಎಷ್ಟೋ ಸಲ ಎರಡನ್ನೂ ಕಳಿಸಿರೋದು ಒಬ್ಬರೇ ಚಿಕ್ಕಪ್ಪ. ನಾವು ಎರಡನ್ನೂ ಓದಿ, ಕಪ್ ಹಿಡ್ಕೊಂಡು ಮೀಟಿಂಗಿಗೆ ಹೋಗ್ತೀವಿ. ಈ ಜಗಳ ನಿನ್ನೆ ಮೊನ್ನೆಯದಲ್ಲ, 500 ವರ್ಷ ಹಳೆಯದು. ಹಳೇ ಕೇಸುಗಳನ್ನ ಒಮ್ಮೆ ತೆರೆದು ನೋಡಿದ್ರೆ, ದಿನಾ ಕುಡಿಯೋ ನಮಗೂ ಉಪಯೋಗ ಇದೆ.

ಮೊದಲ ದೊಡ್ಡ ಕೇಸು ನಡೆದದ್ದು 1511ರಲ್ಲಿ, ಮೆಕ್ಕಾದಲ್ಲಿ. ಅಲ್ಲಿನ ಅಧಿಕಾರಿ ಖೈರ್ ಬೇಗ್‌ಗೆ ಜನ ರಾತ್ರಿ ಗುಂಪು ಸೇರಿ ಕಾಫಿ ಕುಡಿಯೋದು ಸರಿ ಕಾಣಲಿಲ್ಲ. ಪಂಡಿತರನ್ನ ಸೇರಿಸಿ, ವೈದ್ಯರಿಂದ ಸಾಕ್ಷಿ ಹೇಳಿಸಿದ. ಕಾಫಿ ‘ಶೀತ ಮತ್ತು ಶುಷ್ಕ’ ಗುಣದ್ದು, ದೇಹಕ್ಕೆ ಒಳ್ಳೇದಲ್ಲ ಅಂತ ಅವರು ಹೇಳಿದರು. ನಮ್ಮ ಮನೆಗಳಲ್ಲಿ ‘ಕಾಫಿ ಉಷ್ಣ, ಪಿತ್ತ’ ಅಂತಾರಲ್ಲ, ಹೆಚ್ಚುಕಡಿಮೆ ಅದೇ ಜಾತಿಯ ವಾದ, ತೀರ್ಪು ಮಾತ್ರ ಉಲ್ಟಾ! ಬೀದಿಯಲ್ಲಿ ಕಾಫಿಯನ್ನ ಸುಟ್ಟರು. ಆದರೆ ಕೈರೋದಲ್ಲಿದ್ದ ಸುಲ್ತಾನ ಆ ನಿಷೇಧವನ್ನು ಸಡಿಲಿಸಿಬಿಟ್ಟ. ಖೈರ್ ಬೇಗ್‌ಗೆ ನಿಜವಾಗಿ ತಲೆನೋವಾಗಿದ್ದದ್ದು ಕಾಫಿಯಲ್ಲ, ಕಾಫಿ ಸುತ್ತ ಸೇರುತ್ತಿದ್ದ ಜನ.

ಲಂಡನ್ನಿನಲ್ಲೂ ಇದೇ ಕಥೆ. 1674ರಲ್ಲಿ ಹೆಂಗಸರ ಹೆಸರಲ್ಲಿ ಒಂದು ಕರಪತ್ರ ಬಂತು. ಕಾಫಿ ಕುಡಿದು ಗಂಡಂದಿರು ಕೆಲಸಕ್ಕೆ ಬಾರದವರಾಗಿದ್ದಾರೆ ಅನ್ನೋದು ದೂರು. ಮರುವರ್ಷದ ಕೊನೆಗೆ ರಾಜ ಎರಡನೇ ಚಾರ್ಲ್ಸ್ ಕಾಫಿ ಮನೆಗಳನ್ನು ಮುಚ್ಚಿಸೋಕೆ ಆಜ್ಞೆ ಹೊರಡಿಸಿದ. ಅಲ್ಲಿ ಕೂತವರು ಸರ್ಕಾರದ ಬಗ್ಗೆ ಮಾತಾಡ್ತಾರೆ ಅನ್ನೋದು ಅವನ ಸಂಕಟ. ಜನ ಎಷ್ಟು ಗಲಾಟೆ ಮಾಡಿದರೆಂದರೆ, ಕೆಲವೇ ದಿನಗಳಲ್ಲಿ ಆಜ್ಞೆ ವಾಪಸ್.

‘ಅದೆಲ್ಲ ಹಳೇ ಕಾಲ, ಈಗ ವಿಜ್ಞಾನ ಇದೆ’ ಅಂತೀರಾ? 1981ರಲ್ಲಿ ಹಾರ್ವರ್ಡಿನ ಬ್ರಯಾನ್ ಮ್ಯಾಕ್‌ಮಾನ್ ತಂಡ, ಕಾಫಿಗೂ ಪ್ಯಾಂಕ್ರಿಯಾಸ್ ಕ್ಯಾನ್ಸರಿಗೂ ನಂಟಿದೆ ಅಂತ ಪ್ರಕಟಿಸಿತು. ದೊಡ್ಡ ಸುದ್ದಿಯಾಯ್ತು. ಆಮೇಲೆ ತಜ್ಞರು ಒಂದು ಎಡವಟ್ಟು ತೋರಿಸಿದರು. ಕ್ಯಾನ್ಸರ್ ರೋಗಿಗಳನ್ನ ಹೋಲಿಸಿದ್ದು ಆಸ್ಪತ್ರೆಯಲ್ಲಿದ್ದ ಬೇರೆ ರೋಗಿಗಳ ಜೊತೆ, ಅವರಲ್ಲಿ ಹೊಟ್ಟೆಯ ತೊಂದರೆ ಇದ್ದವರೂ ಬಹಳ. ಹೊಟ್ಟೆ ಕೆಟ್ಟವರು ಕಾಫಿ ಕಮ್ಮಿ ಮಾಡಿರ್ತಾರೆ. ಅವರ ಪಕ್ಕ ನಿಲ್ಲಿಸಿದ್ರೆ ಯಾರಾದ್ರೂ ‘ಹೆಚ್ಚು ಕಾಫಿ ಕುಡಿಯೋರು’ ಅಂತಲೇ ಕಾಣ್ತಾರೆ. ಅದೇ ತಂಡ 1986ರಲ್ಲಿ ಮತ್ತೆ ನೋಡಿದಾಗ ಆ ನಂಟು ನಿಲ್ಲಲಿಲ್ಲ.

1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕಾಫಿಯನ್ನ ‘ಮೂತ್ರಕೋಶದ ಕ್ಯಾನ್ಸರ್ ತರಬಹುದಾದವು’ಗಳ ಪಟ್ಟಿಗೆ ಸೇರಿಸಿತು. 2016ರಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನ ನೋಡಿ, ಆ ಪಟ್ಟಿಯಿಂದ ತೆಗೆಯಿತು. ಹಳೇ ಲೆಕ್ಕದಲ್ಲಿ ಕಾಫಿ ಜೊತೆ ಸೇದುತ್ತಿದ್ದ ಸಿಗರೇಟಿನ ಪಾಲು ಸರಿಯಾಗಿ ಕಳೆದಿರಲಿಲ್ಲ ಅನ್ನೋದು ಒಂದು ಕಾರಣ. ಆದರೆ ಅದೇ ಸಲ ಇನ್ನೊಂದು ಎಚ್ಚರಿಕೆ ಕೊಟ್ಟರು: 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಅಪಾಯ ತರಬಹುದು. ಅಂದ್ರೆ ತಪ್ಪು ಬಿಸಿಯದ್ದು. ಲೋಟದಿಂದ ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದು ಆರಿಸೋದು ಬರೀ ನೊರೆಗಲ್ಲ ಅಂತ ಇನ್ನು ಮೇಲೆ ಹೇಳಬಹುದು.

ಹಾಗಂತ ಕಾಫಿ ಪೂರ್ತಿ ನಿರಪರಾಧಿ ಅಲ್ಲ. 1983ರಲ್ಲಿ ನಾರ್ವೆಯ ಟ್ರೊಮ್ಸೊ ಊರಿನ ಅಧ್ಯಯನದಲ್ಲಿ, ಹೆಚ್ಚು ಕಾಫಿ ಕುಡಿಯೋರ ಕೊಲೆಸ್ಟ್ರಾಲ್ ಜಾಸ್ತಿ ಇತ್ತು. ಅಲ್ಲಿ ಪುಡಿಯನ್ನ ಕುದಿಸಿ ಕುಡಿಯೋ ರೂಢಿ. ಕಾರಣ, ಕಾಫಿ ಬೀಜದ ಎಣ್ಣೆಯಲ್ಲಿರುವ ಕ್ಯಾಫೆಸ್ಟಾಲ್ ಎಂಬ ವಸ್ತು ಅಂತ ಆಮೇಲೆ ಗೊತ್ತಾಯ್ತು. ಕಾಗದದ ಫಿಲ್ಟರ್ ಅದನ್ನ ಹೆಚ್ಚುಕಡಿಮೆ ಪೂರ್ತಿ ಹಿಡಿದಿಟ್ಟುಕೊಳ್ಳುತ್ತೆ. ‘ಫಿಲ್ಟರ್ ಕಾಫಿ ಸುರಕ್ಷಿತ’ ಅನ್ನೋ ಸುದ್ದಿ ಓದಿ ಖುಷಿಪಡೋ ಮುಂಚೆ ನೆನಪಿಡಿ, ಅಲ್ಲಿನ ಫಿಲ್ಟರ್ ಕಾಗದದ್ದು, ನಮ್ಮದು ತೂತಿನ ಸ್ಟೀಲ್. ಹೆಸರು ಒಂದೇ, ವಸ್ತು ಬೇರೆ.

ಹೊಗಳೋ ಸುದ್ದಿಗೂ ಇದೇ ಎಚ್ಚರ ಬೇಕು. 2018ರಲ್ಲಿ ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಮಾಹಿತಿ ನೋಡಿದಾಗ, ಕಾಫಿ ಕುಡಿಯೋರಲ್ಲಿ ಸಾವಿನ ಪ್ರಮಾಣ ಕಮ್ಮಿ ಕಂಡಿತು. ಸಂತೋಷ. ಆದರೆ ಕಾಯಿಲೆ ಬಂದು ಕಾಫಿ ಬಿಟ್ಟವರೂ ‘ಕುಡಿಯದವರ’ ಲೆಕ್ಕಕ್ಕೆ ಸೇರಿರಬಹುದಲ್ಲ? 1981ರಲ್ಲಿ ಕಾಫಿಯನ್ನ ಸಿಕ್ಕಿಹಾಕಿಸಿದ ಅದೇ ಎಡವಟ್ಟು, ಇಲ್ಲಿ ಅದಕ್ಕೆ ಹಾರ ಹಾಕಿಸಲೂಬಹುದು.

ಹಾಗಾದ್ರೆ ನಾವೇನು ಮಾಡೋಣ? ನಮ್ಮ ಕಾಫಿ ಜೊತೆ ಏನೇನು ಬರ್ತಿದೆ ಅಂತ ನೋಡೋಣ. ದಿನಕ್ಕೆ ನಾಲ್ಕು ಕಾಫಿ, ತಲಾ ಎರಡು ಚಮಚ ಸಕ್ಕರೆ ಅಂದ್ರೆ ಎಂಟು ಚಮಚ ಸಕ್ಕರೆ. ತಿಂಡಿ ಜೊತೆಗೇ ಕಾಫಿ ಕುಡಿದ್ರೆ ಊಟದ ಕಬ್ಬಿಣಾಂಶ ಮೈಗೆ ಹತ್ತೋದು ಕಡಿಮೆಯಾಗುತ್ತೆ. ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಬಿಡಿ ಅಂತ 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿದೆ. ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಅಂತಲೂ. ಗರ್ಭಿಣಿಯರಿಗೆ ಇನ್ನೂ ಕಮ್ಮಿ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಪ್ರಕಾರ 200.

ಆದ್ರೆ ನಮ್ಮ ತಲೆಮಾರಿನ ದೊಡ್ಡ ಕೇಸು ನಿದ್ದೆಯದ್ದು. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗೋಕೆ ಸುಮಾರು ಐದು ಗಂಟೆ ಬೇಕು. 2013ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಸಣ್ಣ ಪ್ರಯೋಗದಲ್ಲಿ, ಮಲಗೋಕೆ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ತಗೊಂಡವರಿಗೆ ಒಂದು ಗಂಟೆಗೂ ಹೆಚ್ಚು ನಿದ್ದೆ ಖೋತಾ ಆಗಿತ್ತು. ಸಂಜೆ ಕಾಲ್‌ಗೆ ಮುಂಚೆ ಕಾಫಿ, ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಎದ್ದ ಕೂಡಲೇ ಆ ಸುಸ್ತಿಗೆ ಮತ್ತೆ ಕಾಫಿ. ಈ ಚಕ್ರದಲ್ಲಿ ಸಿಕ್ಕಿಕೊಂಡವರು ಬೆಳಗಿನ ಕಾಫಿ ಬಿಡಬೇಕಿಲ್ಲ. ನಾಳೆಯಿಂದ ಒಂದು ವಾರ ಮಧ್ಯಾಹ್ನ ಎರಡರ ಮೇಲಿನ ಕಾಫಿಯನ್ನಷ್ಟೇ ಬಿಟ್ಟು ನೋಡಿ. ಐದು ಸಂಶೋಧನೆಗಳ ಸುದ್ದಿ ಓದೋದಕ್ಕಿಂತ ನಿಮ್ಮ ಬಗ್ಗೆ ಹೆಚ್ಚು ಗೊತ್ತಾಗುತ್ತೆ.