ಪಾಪದ ತೂಕ: ಸವದತ್ತಿ ಎಲ್ಲಮ್ಮನ ಐತಿಹ್ಯ ಮತ್ತು ಸಮ್ಮತಿಯ ಪ್ರಶ್ನೆ

ಕಥೊಲಿಕ ನೀತಿಬೋಧೆಯಲ್ಲಿ ಪಾಪವು ಮಾರಕವೆನಿಸಲು ಗುರುತರವಾದ ವಿಷಯ, ಪೂರ್ಣ ಅರಿವು, ಮನಃಪೂರ್ವಕ ಸಮ್ಮತಿ ಮೂರೂ ಕೂಡಬೇಕು. ಒಂದು ಕೊರತೆಯಾದರೂ ಅದು ಹೆಚ್ಚೆಂದರೆ ಲಘುಪಾಪ. ಮಾರಕ ಪಾಪಗಳನ್ನು ಒಂದೊಂದಾಗಿ ಗುರುವಿನ ಮುಂದೆ ನಿವೇದಿಸಬೇಕೆಂದೂ ಲಘುಪಾಪಗಳನ್ನು ಹೇಳದಿದ್ದರೆ ದೋಷವಿಲ್ಲವೆಂದೂ 1551ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿತು.

ಸವದತ್ತಿ ಎಲ್ಲಮ್ಮನ ಐತಿಹ್ಯವನ್ನು ಈ ಅಳತೆಯೊಡನೆ ಹೋಲಿಸಬಹುದು. ಮರಳಿನ ಕೊಡದಲ್ಲಿ, ಹಾವಿನ ಸಿಂಬಿಯ ಮೇಲೆ ಮಲಪ್ರಭೆಯ ನೀರು ತರುತ್ತಿದ್ದ ರೇಣುಕೆ ಗಂಧರ್ವರ ಜಲಕ್ರೀಡೆ ಕಂಡು ಅರೆಕ್ಷಣ ಮನಸೋಲುತ್ತಾಳೆ; ಕೊಡ ನಿಲ್ಲುವುದಿಲ್ಲ. ಜಮದಗ್ನಿಯ ಶಾಪದಿಂದ ಮೈ ರೋಗಕ್ಕೀಡಾಗುತ್ತದೆ. ಮುಂದೆ ತಂದೆಯ ಆಜ್ಞೆಯಂತೆ ಪರಶುರಾಮ ತಾಯಿಯ ತಲೆ ಕಡಿಯುತ್ತಾನೆ. ಸಮ್ಮತಿಯಿಲ್ಲದೆ ಸುಳಿದ ಬಯಕೆಗೆ ಮರಣದಂಡನೆ. ಜನಪದರು ಈ ತೀರ್ಪನ್ನು ಕೊನೆಯದೆಂದು ಒಪ್ಪಲಿಲ್ಲ. ಜೋಗುಳಬಾವಿಯ ನೀರಿನಲ್ಲಿ ರೋಗ ಕಳೆಯಿತೆಂದರು, ಮಗ ಬೇಡಿದ ವರದಿಂದ ಜೀವ ಮರಳಿತೆಂದರು, ಅವಳನ್ನೇ ಗುಡ್ಡದ ತಾಯಿಯೆಂದು ಪೂಜಿಸಿದರು. ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸೀಮೆಯ ಭಕ್ತರು ಇಂದಿಗೂ ಆ ಬಾವಿಯಲ್ಲಿ ಮಿಂದು ಗುಡ್ಡ ಹತ್ತುತ್ತಾರೆ.

ಆದರೆ ಇದೇ ತಾಯಿಯ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವಾಗ ಅವರ ಸಮ್ಮತಿಯನ್ನು ಕೇಳುವ ಪದ್ಧತಿಯಿರಲಿಲ್ಲ. ಕಳಂಕ ಮಾತ್ರ ಅವರಿಗೇ ಅಂಟಿತು. ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಅಧಿನಿಯಮವು ಮುತ್ತು ಕಟ್ಟಿದವರನ್ನೂ ನೆರವಾದವರನ್ನೂ ಶಿಕ್ಷೆಗೆ ಗುರಿಪಡಿಸಿ, ಕಟ್ಟಿಸಿಕೊಂಡವಳನ್ನು ಅದರಿಂದ ಹೊರಗಿಟ್ಟಿತು. ಅರಿತು ಮಾಡಿದವರದೇ ಪಾಪವೆಂಬ ಮಾತು ಈ ನೆಲದಲ್ಲಿ ಕಾನೂನಾದದ್ದು ಹೀಗೆ.